ಗೇಮಿಂಗ್ ಪಿಸಿಗಳ ಆಪ್ಟಿಮೈಸರ್ ತಂತ್ರಾಂಶ

ಪಿಸಿ ಆಪ್ಟಿಮೈಸರ್ ಎಂಬುದು ವೈಯಕ್ತಿಕ ಗಣಕಯಂತ್ರದ ವೇಗವನ್ನು ಹೆಚ್ಚಿಸುವ, ಅನಗತ್ಯ ಕಡತಗಳನ್ನು ಅಳಿಸುವ ಹಾಗೂ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವ ಉದ್ದೇಶದಿಂದ ರೂಪಿಸಲಾದ ತಂತ್ರಾಂಶಗಳ ಒಂದು ವರ್ಗ. ಇವುಗಳಲ್ಲಿ ಗಣಕಯಂತ್ರದಲ್ಲಿ ಆಟವಾಡುವವರಿಗಾಗಿಯೇ ಸಿದ್ಧಪಡಿಸಿದವನ್ನು ಸಾಮಾನ್ಯವಾಗಿ ಗೇಮ್ ಬೂಸ್ಟರ್ ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಗೆ ಸಂಬಂಧಿಸಿದವು. ಒಂದು ಗುಂಡಿ ಒತ್ತಿದೊಡನೆ ಆಟ ಸರಾಗವಾಗಿ ಓಡುತ್ತದೆ ಎಂಬುದು ಇವುಗಳ ಮುಖ್ಯ ಭರವಸೆ. ಈ ಭರವಸೆ ಎಷ್ಟರಮಟ್ಟಿಗೆ ಈಡೇರುತ್ತದೆ ಎಂಬುದು ಆಟದ ವೇಗಕ್ಕೆ ಅಡ್ಡಿಯಾಗಿರುವ ಭಾಗ ಯಾವುದು ಎಂಬುದನ್ನು ಅವಲಂಬಿಸಿದೆ. ಗ್ರಾಫಿಕ್ಸ್ ಕಾರ್ಡಿನ ಸಾಮರ್ಥ್ಯ ಸಾಲದೆ ನಿಧಾನಗೊಂಡ ಆಟವನ್ನು ಕಡತಗಳನ್ನು ಅಳಿಸುವ ತಂತ್ರಾಂಶ ವೇಗಗೊಳಿಸಲಾರದು. ಹಿನ್ನೆಲೆಯ ಕಾರ್ಯಕ್ರಮಗಳಿಂದ ರ‍್ಯಾಮ್ ತುಂಬಿಹೋಗಿರುವ ಹಳೆಯ ಯಂತ್ರದಲ್ಲಿ ಸ್ವಲ್ಪ ಪ್ರಯೋಜನ ಕಾಣಬಹುದು.

ಇತಿಹಾಸ

ಈ ವರ್ಗದ ಮೂಲ ಡಾಸ್ ಕಾಲದಲ್ಲಿದೆ. ಪೀಟರ್ ನಾರ್ಟನ್ 1982ರಲ್ಲಿ ಹೊರತಂದ ನಾರ್ಟನ್ ಯುಟಿಲಿಟೀಸ್, ಅಳಿಸಿಹೋದ ಕಡತಗಳನ್ನು ಮರಳಿ ಪಡೆಯುವ ಸಾಧನದಿಂದ ಹೆಸರಾಯಿತು. 1990ರಲ್ಲಿ ಅವರ ಸಂಸ್ಥೆಯನ್ನು ಸಿಮ್ಯಾಂಟೆಕ್ ಕೊಂಡುಕೊಂಡಿತು. ಆ ಕಾಲದಲ್ಲಿ ಇಂತಹ ತಂತ್ರಾಂಶಗಳು ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಇಲ್ಲದ ಸೌಲಭ್ಯಗಳನ್ನು ಒದಗಿಸುತ್ತಿದ್ದವು. ಮುಂದೆ ಅದೇ ಸೌಲಭ್ಯಗಳು ಒಂದೊಂದಾಗಿ ವಿಂಡೋಸ್‌ನಲ್ಲಿ ಸೇರಿಕೊಂಡವು.

ಪೊಳ್ಳು ಭರವಸೆಗೆ ಹೆಸರಾದ ಮೊದಲ ಉತ್ಪನ್ನಗಳಲ್ಲಿ ಸಾಫ್ಟ್‌ರ‍್ಯಾಮ್95 ಒಂದು. ರ‍್ಯಾಮ್ ದುಬಾರಿಯಾಗಿದ್ದ 1995ರಲ್ಲಿ ಅಮೆರಿಕದ ಸಿಂಕ್ರೋನಿಸ್ ಸಾಫ್ಟ್‌ಕಾರ್ಪ್ ಇದನ್ನು ಮಾರುಕಟ್ಟೆಗೆ ತಂದಿತು. ದತ್ತಾಂಶವನ್ನು ಸಂಕುಚಿಸುವ ಮೂಲಕ ರ‍್ಯಾಮ್‌ನ ಸಾಮರ್ಥ್ಯವನ್ನು ಇಮ್ಮಡಿಗೊಳಿಸುವುದಾಗಿ ಸಂಸ್ಥೆ ಹೇಳಿಕೊಂಡಿತ್ತು. ತಜ್ಞರು ತಂತ್ರಾಂಶವನ್ನು ಬಿಡಿಸಿ ಪರೀಕ್ಷಿಸಿದಾಗ ವಿಂಡೋಸ್ 95ರಲ್ಲಿ ಅಂತಹ ಸಂಕೋಚನ ನಡೆಯುತ್ತಲೇ ಇರಲಿಲ್ಲ ಎಂಬುದು ತಿಳಿದುಬಂದಿತು. ಉತ್ಪನ್ನವನ್ನು ಹಿಂದಕ್ಕೆ ಪಡೆಯಲಾಯಿತು. 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ ಪ್ರಕರಣ ಇತ್ಯರ್ಥವಾಯಿತು.

ಪಿರಿಫಾರ್ಮ್ ಸಂಸ್ಥೆಯ ಸಿಕ್ಲೀನರ್ 2003ರಲ್ಲಿ ಬಿಡುಗಡೆಯಾಗಿ ಕಡತ ಶುಚಿಗೊಳಿಸುವ ತಂತ್ರಾಂಶಗಳಲ್ಲಿ ಅತ್ಯಂತ ಪ್ರಸಿದ್ಧವಾಯಿತು. ಆಟಗಾರರಿಗೆಂದೇ ರೂಪುಗೊಂಡವುಗಳಲ್ಲಿ ಐಒಬಿಟ್ ಸಂಸ್ಥೆಯ ಗೇಮ್ ಬೂಸ್ಟರ್ ಮತ್ತು ರೇಜರ್ ಸಂಸ್ಥೆಯ ಕಾರ್ಟೆಕ್ಸ್ ಪ್ರಮುಖವಾದವು. 2017ರ ಏಪ್ರಿಲ್‌ನಲ್ಲಿ ಬಂದ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಗೇಮ್ ಮೋಡ್ ಅನ್ನು ಸೇರಿಸಿತು. ಇದರಿಂದ ಆಟಕ್ಕೆ ಆದ್ಯತೆ ನೀಡುವ ಕೆಲಸವೂ ಕಾರ್ಯಾಚರಣಾ ವ್ಯವಸ್ಥೆಯ ಭಾಗವಾಯಿತು.

ಕಾರ್ಯಗಳು ಮತ್ತು ಅವುಗಳ ಪರಿಣಾಮ

ಹಿನ್ನೆಲೆ ಕಾರ್ಯಕ್ರಮಗಳ ನಿಲುಗಡೆ: ಆಟ ಆರಂಭವಾಗುವ ಮುನ್ನ ಬ್ರೌಸರ್, ಕಡತ ವಿನಿಮಯ ತಂತ್ರಾಂಶ ಮೊದಲಾದವನ್ನು ನಿಲ್ಲಿಸಿ, ಆಟ ಮುಗಿದ ಮೇಲೆ ಮರಳಿ ಚಾಲನೆಗೊಳಿಸುವುದು ಗೇಮ್ ಬೂಸ್ಟರ್‌ಗಳ ಮೂಲ ಕೆಲಸ. 8 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇರುವ, ಕೆಲವೇ ಕೋರ್‌ಗಳ ಪ್ರೊಸೆಸರ್ ಹೊಂದಿದ ಯಂತ್ರಗಳಲ್ಲಿ ಇದು ಉಪಯುಕ್ತ. ಸಾಕಷ್ಟು ರ‍್ಯಾಮ್ ಇರುವ ಯಂತ್ರಗಳಲ್ಲಿ ಸುಮ್ಮನೆ ಕುಳಿತ ಕಾರ್ಯಕ್ರಮಗಳು ಪ್ರೊಸೆಸರ್‌ನ ಸಮಯವನ್ನು ಹೆಚ್ಚಾಗಿ ಬಳಸುವುದಿಲ್ಲವಾದ್ದರಿಂದ ಲಾಭವೂ ಕಡಿಮೆ. ಇದೇ ಕೆಲಸವನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಮೂಲಕ ಕೈಯಾರೆ ಮಾಡಬಹುದು.

ರ‍್ಯಾಮ್ ತೆರವು: ಇಲ್ಲಿ ಬಳಕೆಯಲ್ಲಿರುವ ಸ್ಮೃತಿಪುಟಗಳನ್ನು ಬಲವಂತವಾಗಿ ಹೊರಹಾಕಲಾಗುತ್ತದೆ. ಪರದೆಯ ಮೇಲೆ ಖಾಲಿ ರ‍್ಯಾಮ್‌ನ ಸಂಖ್ಯೆ ಏರುತ್ತದೆ. ಆದರೆ ಕಾರ್ಯಕ್ರಮಗಳಿಗೆ ಅದೇ ಪುಟಗಳು ಮತ್ತೆ ಬೇಕಾದಾಗ ಅವನ್ನು ಮರಳಿ ತರಬೇಕಾಗುತ್ತದೆ. ಡಿಸ್ಕ್‌ನಿಂದ ತರಬೇಕಾಗಿ ಬಂದರೆ ಆಟ ಕ್ಷಣಕಾಲ ತಡವರಿಸುತ್ತದೆ. ವಿಂಡೋಸ್ ಬಿಡುವಿರುವ ರ‍್ಯಾಮ್ ಅನ್ನು ಇತ್ತೀಚೆಗೆ ಓದಿದ ಕಡತಗಳ ಸಂಗ್ರಹಕ್ಕೆ ಬಳಸುತ್ತದೆ ಮತ್ತು ಬೇಡಿಕೆ ಬಂದೊಡನೆ ಬಿಟ್ಟುಕೊಡುತ್ತದೆ. ಆದ್ದರಿಂದ ರ‍್ಯಾಮ್ ತುಂಬಿದಂತೆ ಕಾಣುವುದು ಸ್ವತಃ ದೋಷವಲ್ಲ.

ರಿಜಿಸ್ಟ್ರಿ ಶುಚಿ: ರಿಜಿಸ್ಟ್ರಿಯು ವಿಂಡೋಸ್‌ನ ಹೊಂದಾಣಿಕೆಗಳನ್ನು ಶೇಖರಿಸಿಡುವ ದತ್ತಸಂಚಯ. ಬಳಕೆಯಲ್ಲಿಲ್ಲದ ನಮೂದುಗಳು ಅದರಲ್ಲಿ ಉಳಿದಿದ್ದರೂ ಆಟದ ವೇಗಕ್ಕೆ ತೊಂದರೆಯಿಲ್ಲ. ಏಕೆಂದರೆ ವ್ಯವಸ್ಥೆಯು ತನಗೆ ಬೇಕಾದ ನಮೂದನ್ನು ಮಾತ್ರ ಹುಡುಕಿ ಓದುತ್ತದೆ. ಅಗತ್ಯ ನಮೂದೊಂದು ತಪ್ಪಿ ಅಳಿಸಿಹೋದರೆ ತಂತ್ರಾಂಶಗಳು ಕೆಡಬಹುದು. ಕೆಲವೊಮ್ಮೆ ವಿಂಡೋಸ್ ಅನ್ನೇ ಮರುಸ್ಥಾಪಿಸಬೇಕಾಗಬಹುದು. ರಿಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ.

ಅನಗತ್ಯ ಕಡತಗಳ ಅಳಿಕೆ: ಡಿಸ್ಕ್ ಬಹುತೇಕ ತುಂಬಿರುವಾಗ ತಾತ್ಕಾಲಿಕ ಕಡತಗಳನ್ನು ಅಳಿಸುವುದರಿಂದ ನಿಜವಾದ ಪ್ರಯೋಜನವಿದೆ. ಆಟಗಳ ಅಳತೆ ನೂರು ಜಿಬಿಯನ್ನೂ ಮೀರುತ್ತಿರುವುದರಿಂದ ಸ್ಥಳದ ಕೊರತೆ ಸಾಮಾನ್ಯ. ಆದರೆ ಶೇಡರ್ ಕ್ಯಾಶೆಯನ್ನೂ ಕಸವೆಂದು ಎಣಿಸಿ ಅಳಿಸಿದರೆ ಪರಿಣಾಮ ತಿರುವುಮುರುವಾಗುತ್ತದೆ. ದೃಶ್ಯಗಳನ್ನು ಚಿತ್ರಿಸಲು ಬೇಕಾದ ಕಿರು ಸೂಚನಾಗುಚ್ಛಗಳಾದ ಶೇಡರ್‌ಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಒಮ್ಮೆ ಪರಿವರ್ತಿಸಿ ಈ ಕ್ಯಾಶೆಯಲ್ಲಿ ಇಡಲಾಗಿರುತ್ತದೆ. ಅದನ್ನು ಅಳಿಸಿದರೆ ಪರಿವರ್ತನೆ ಮತ್ತೆ ಮೊದಲಿನಿಂದ ನಡೆಯಬೇಕಾಗಿ, ಆಟ ಕೆಲಕಾಲ ಮುಂಚಿಗಿಂತ ಹೆಚ್ಚು ತಡವರಿಸಬಹುದು.

ಡಿಫ್ರಾಗ್ಮೆಂಟೇಶನ್: ತಿರುಗುವ ತಟ್ಟೆಯುಳ್ಳ ಹಾರ್ಡ್ ಡಿಸ್ಕ್‌ನಲ್ಲಿ ಚೆದುರಿದ ಕಡತಭಾಗಗಳನ್ನು ಒಟ್ಟುಗೂಡಿಸಿದರೆ ಓದುವ ವೇಗ ಹೆಚ್ಚುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳಿಲ್ಲದ ಕಾರಣ ಈ ಕ್ರಿಯೆಯಿಂದ ಆಟಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ಬರಹದ ಹೊರೆ ಮಾತ್ರ ಹೆಚ್ಚುತ್ತದೆ. ವಿಂಡೋಸ್ 8ರಿಂದೀಚೆಗಿನ ಆವೃತ್ತಿಗಳು ಡಿಸ್ಕ್‌ನ ಬಗೆಯನ್ನು ಗುರುತಿಸಿ, ಎಸ್‌ಎಸ್‌ಡಿಗೆ ಟ್ರಿಮ್ ಆದೇಶವನ್ನು ನಿಗದಿತ ಅವಧಿಗೊಮ್ಮೆ ತಾವೇ ಕಳುಹಿಸುತ್ತವೆ.

ಡ್ರೈವರ್ ನವೀಕರಣ: ಗ್ರಾಫಿಕ್ಸ್ ಡ್ರೈವರ್‌ನ ಹೊಸ ಆವೃತ್ತಿ ಹೊಸ ಆಟಗಳ ವೇಗವನ್ನು ಗಣನೀಯವಾಗಿ ಸುಧಾರಿಸುವ ಸಂದರ್ಭಗಳಿವೆ. ಆದರೆ ಎನ್‌ವಿಡಿಯಾ, ಎಎಂಡಿ ಮತ್ತು ಇಂಟೆಲ್ ತಮ್ಮ ಡ್ರೈವರ್‌ಗಳನ್ನು ಉಚಿತವಾಗಿಯೇ ನೀಡುತ್ತವೆ. ಮೂರನೆಯವರ ತಂತ್ರಾಂಶವು ಯಂತ್ರಕ್ಕೆ ಹೊಂದದ ಡ್ರೈವರ್ ಅಳವಡಿಸಿದರೆ ಧ್ವನಿ, ಜಾಲ ಸಂಪರ್ಕ ಮೊದಲಾದವು ಕೆಡುವ ಸಾಧ್ಯತೆಯಿದೆ.

ಟೈಮರ್ ಬದಲಾವಣೆ: ವಿಂಡೋಸ್‌ನ ಆಂತರಿಕ ಗಡಿಯಾರದ ಸಾಮಾನ್ಯ ಅಂತರ 15.6 ಮಿಲಿಸೆಕೆಂಡ್. ಅದನ್ನು 1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆಗೆ ಇಳಿಸುವುದಾಗಿ ಕೆಲವು ತಂತ್ರಾಂಶಗಳು ಹೇಳುತ್ತವೆ. ಆಟಗಳು ತಮಗೆ ಬೇಕಾದ ಅಂತರವನ್ನು ಸಾಮಾನ್ಯವಾಗಿ ತಾವೇ ಕೇಳಿಕೊಳ್ಳುತ್ತವೆ. ಅಲ್ಲದೆ ವಿಂಡೋಸ್ 10ರ 2004 ಆವೃತ್ತಿಯಿಂದ ಒಂದು ಕಾರ್ಯಕ್ರಮದ ಕೋರಿಕೆ ಉಳಿದವುಗಳಿಗೆ ಮೊದಲಿನಂತೆ ಅನ್ವಯಿಸುವುದಿಲ್ಲ.

ಮೌಲ್ಯಮಾಪನದ ವಿಧಾನ

ಆಪ್ಟಿಮೈಸರ್‌ಗಳು ತಾವು ಪತ್ತೆಹಚ್ಚಿದ ದೋಷಗಳ ಸಂಖ್ಯೆಯನ್ನೋ ತೆರವುಗೊಳಿಸಿದ ರ‍್ಯಾಮ್‌ನ ಪ್ರಮಾಣವನ್ನೋ ತೋರಿಸುತ್ತವೆ. ಇವು ಆಟದ ವೇಗದ ಅಳತೆಗಳಲ್ಲ. ಆಟದಲ್ಲಿ ಅಳೆಯಬೇಕಾದದ್ದು ಮುಖ್ಯವಾಗಿ ಮೂರು: ಪ್ರತಿ ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸರಾಸರಿ, ಪ್ರತಿಯೊಂದು ಫ್ರೇಮ್‌ಗೆ ತಗಲುವ ಕಾಲ ಮತ್ತು ಅತಿ ನಿಧಾನವಾದ ಶೇಕಡಾ 1ರಷ್ಟು ಫ್ರೇಮ್‌ಗಳ ವೇಗ. ಸೆಕೆಂಡಿಗೆ 60 ಫ್ರೇಮ್‌ಗಳು ಮೂಡಬೇಕಾದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್ ದೊರೆಯುತ್ತದೆ. 144 ಫ್ರೇಮ್‌ಗಳಾದರೆ ಸುಮಾರು 6.9 ಮಿಲಿಸೆಕೆಂಡ್. ಸರಾಸರಿ ಚೆನ್ನಾಗಿದ್ದರೂ ನಡುನಡುವೆ ಒಂದು ಫ್ರೇಮ್ 60 ಮಿಲಿಸೆಕೆಂಡ್ ತೆಗೆದುಕೊಂಡರೆ ಆಟಗಾರನಿಗೆ ಅದು ತಡವರಿಕೆಯಾಗಿ ಕಾಣುತ್ತದೆ. ಆದ್ದರಿಂದ ಸರಾಸರಿಯೊಂದನ್ನೇ ನೋಡಿ ತೀರ್ಮಾನಿಸಲಾಗದು. ಇಂಟೆಲ್‌ನ ಪ್ರೆಸೆಂಟ್‌ಮಾನ್ ಮತ್ತು ಕ್ಯಾಪ್‌ಫ್ರೇಮ್‌ಎಕ್ಸ್ ಈ ಅಳತೆಗೆ ಉಚಿತವಾಗಿ ದೊರೆಯುವ ಸಾಧನಗಳು.

ಪರೀಕ್ಷೆಯಲ್ಲಿ ಆಟದ ಒಂದೇ ದೃಶ್ಯವನ್ನು, ಒಂದೇ ಗ್ರಾಫಿಕ್ಸ್ ಹೊಂದಾಣಿಕೆಯಲ್ಲಿ, ಆಪ್ಟಿಮೈಸರ್ ಇಲ್ಲದೆ ಹಾಗೂ ಇದ್ದು ಹಲವು ಬಾರಿ ಓಡಿಸಲಾಗುತ್ತದೆ. ಶೇಡರ್ ಪರಿವರ್ತನೆಯ ಪ್ರಭಾವ ಇರುವುದರಿಂದ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಪ್ಟಿಮೈಸರ್ ಓಡಿಸಿ ಯಂತ್ರವನ್ನು ಮರುಚಾಲನೆ ಮಾಡಿದಾಗ ಕಂಡ ಸುಧಾರಣೆ ಮರುಚಾಲನೆಯೊಂದರಿಂದಲೇ ಬಂದಿರಬಹುದು. ಹಾಗಾಗಿ ಎರಡೂ ಬಗೆಯ ಓಟಗಳಿಗೆ ಮುನ್ನ ಮರುಚಾಲನೆ ಅಗತ್ಯ. ದೊರೆತ ವ್ಯತ್ಯಾಸವು ಒಂದೇ ಸ್ಥಿತಿಯ ಓಟಗಳ ನಡುವಿನ ಸಹಜ ಏರಿಳಿತಕ್ಕಿಂತ ದೊಡ್ಡದಾಗಿರಬೇಕು. ಉದಾಹರಣೆಗೆ, ಆಪ್ಟಿಮೈಸರ್ ಇಲ್ಲದ ಮೂರು ಓಟಗಳಲ್ಲಿ 88, 91 ಮತ್ತು 90 ಫ್ರೇಮ್‌ಗಳು, ಇದ್ದಾಗ 90, 92 ಮತ್ತು 89 ಫ್ರೇಮ್‌ಗಳು ದೊರೆತರೆ ಅದನ್ನು ಸುಧಾರಣೆಯೆಂದು ಪರಿಗಣಿಸಲಾಗದು.

ಅಪಾಯಗಳು

ಆಪ್ಟಿಮೈಸರ್‌ಗಳು ಸಾಮಾನ್ಯವಾಗಿ ಆಡಳಿತಾಧಿಕಾರದ ಅನುಮತಿ ಪಡೆದು, ಯಂತ್ರದ ಬಹುತೇಕ ಎಲ್ಲ ಭಾಗಗಳಿಗೂ ಪ್ರವೇಶ ಹೊಂದಿರುತ್ತವೆ. ಆದ್ದರಿಂದ ಅವುಗಳ ವಿತರಣಾ ಸರಣಿಯಲ್ಲಿ ಆಗುವ ಲೋಪ ನೇರವಾಗಿ ಬಳಕೆದಾರರನ್ನು ತಟ್ಟುತ್ತದೆ. 2017ರಲ್ಲಿ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದಾಳಿಕೋರರು ಕುತಂತ್ರಾಂಶ ಸೇರಿಸಿದ್ದು ಇದಕ್ಕೆ ಪ್ರಮುಖ ನಿದರ್ಶನ. ಅಧಿಕೃತ ತಾಣದಿಂದಲೇ ವಿತರಣೆಯಾದ ಆ ಆವೃತ್ತಿಯನ್ನು ಸುಮಾರು 22.7 ಲಕ್ಷ ಬಳಕೆದಾರರು ಅಳವಡಿಸಿಕೊಂಡಿದ್ದರೆಂದು ಸಂಸ್ಥೆ ತಿಳಿಸಿತು. ಪಿರಿಫಾರ್ಮ್ ಅದೇ ವರ್ಷದ ಜುಲೈಯಲ್ಲಿ ಅವಾಸ್ಟ್‌ನ ಒಡೆತನಕ್ಕೆ ಬಂದಿತ್ತು.

ಇಲ್ಲದ ದೋಷಗಳನ್ನು ತೋರಿಸಿ, ಹೆದರಿಸಿ ಹಣ ಪಡೆಯುವುದು ಇನ್ನೊಂದು ಅಪಾಯ. ಇಂತಹ ಉಚಿತ ಪರೀಕ್ಷೆಗಳಿಂದ ಗ್ರಾಹಕರನ್ನು ದಾರಿ ತಪ್ಪಿಸಿದ ಆರೋಪಕ್ಕೆ ಸಂಬಂಧಿಸಿ 2019ರಲ್ಲಿ ಆಫೀಸ್ ಡಿಪೋ ಮತ್ತು ಸಪೋರ್ಟ್.ಕಾಮ್ ಸಂಸ್ಥೆಗಳು ಫೆಡರಲ್ ಟ್ರೇಡ್ ಕಮಿಷನ್‌ಗೆ ಒಟ್ಟು 3.5 ಕೋಟಿ ಡಾಲರ್ ನೀಡಲು ಒಪ್ಪಿದವು. 2024ರಲ್ಲಿ ರೆಸ್ಟೋರೋ ಮತ್ತು ರೀಇಮೇಜ್ ಸಂಸ್ಥೆಗಳು ಇದೇ ಬಗೆಯ ಆರೋಪದಲ್ಲಿ 2.6 ಕೋಟಿ ಡಾಲರ್ ನೀಡಲು ಒಪ್ಪಿದವು. ಹೆದರಿಸುವ ಸಂದೇಶಗಳ ಮೂಲಕ ಖರೀದಿಗೆ ಒತ್ತಾಯಿಸುವ ಶುಚಿಕಾರಕ ತಂತ್ರಾಂಶಗಳನ್ನು 2018ರ ಮಾರ್ಚ್‌ನಿಂದ ಅನಪೇಕ್ಷಿತ ತಂತ್ರಾಂಶವೆಂದು ಪರಿಗಣಿಸಿ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು.

ವೇಗಕ್ಕಾಗಿ ಭದ್ರತಾ ವ್ಯವಸ್ಥೆಗಳನ್ನೇ ಸದ್ದಿಲ್ಲದೆ ನಿಲ್ಲಿಸುವುದು ಮೂರನೆಯ ಅಪಾಯ. ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಸೌಲಭ್ಯವನ್ನು ನಿಲ್ಲಿಸಿದರೆ ಕೆಲವು ಆಟಗಳ ವೇಗ ಹೆಚ್ಚಬಹುದು ಎಂಬುದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡಿದೆ. ಜೊತೆಗೆ ಇದರಿಂದ ಯಂತ್ರ ದಾಳಿಗೆ ಈಡಾಗಬಹುದೆಂದೂ ಎಚ್ಚರಿಸಿ, ಆಟದ ನಂತರ ಮರಳಿ ಚಾಲನೆಗೊಳಿಸುವಂತೆ ಸೂಚಿಸಿದೆ. ಇಂತಹ ಬದಲಾವಣೆಯನ್ನು ಬಳಕೆದಾರರಿಗೆ ತಿಳಿಸದೆ ಮಾಡುವ ತಂತ್ರಾಂಶವು ವೇಗದ ಬೆಲೆಯನ್ನು ಮರೆಮಾಚುತ್ತದೆ.

ಆಯ್ಕೆಯ ಮಾನದಂಡಗಳು

ಆಪ್ಟಿಮೈಸರ್ ಒಂದನ್ನು ತೂಗಿನೋಡುವಾಗ ಸಾಮಾನ್ಯವಾಗಿ ಈ ಅಂಶಗಳನ್ನು ಪರಿಗಣಿಸಬಹುದು:

• ತಾನು ಮಾಡಲಿರುವ ಪ್ರತಿಯೊಂದು ಬದಲಾವಣೆಯನ್ನು ಮುಂಚಿತವಾಗಿ, ಹೆಸರು ಹೇಳಿ ತೋರಿಸುತ್ತದೆಯೇ.
• ಬದಲಾವಣೆಗಳನ್ನು ಹಿಂದಿನ ಸ್ಥಿತಿಗೆ ತರುವ ಸೌಲಭ್ಯವಿದೆಯೇ.
• ದೋಷಗಳನ್ನು ಉಚಿತವಾಗಿ ಎಣಿಸಿ, ಸರಿಪಡಿಸಲು ಮಾತ್ರ ಹಣ ಕೇಳುತ್ತದೆಯೇ.
• ಅಳವಡಿಸುವಾಗ ಬೇರೆ ತಂತ್ರಾಂಶಗಳನ್ನು ಜೊತೆಗೆ ಸೇರಿಸುತ್ತದೆಯೇ.
• ಸದಾ ಹಿನ್ನೆಲೆಯಲ್ಲಿ ಓಡುತ್ತ ತಾನೇ ರ‍್ಯಾಮ್ ಮತ್ತು ಪ್ರೊಸೆಸರ್‌ಗೆ ಹೊರೆಯಾಗುತ್ತದೆಯೇ.
• ಅದು ಮಾಡುವ ಕೆಲಸ ವಿಂಡೋಸ್‌ನಲ್ಲಿ ಈಗಾಗಲೇ ಲಭ್ಯವಿದೆಯೇ.

ಪರ್ಯಾಯಗಳು

ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಅನಗತ್ಯ ಕಡತಗಳನ್ನು ಅಳಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ವಿಭಾಗದಲ್ಲಿ ಯಂತ್ರದೊಂದಿಗೆ ತಾವಾಗಿ ಆರಂಭವಾಗುವ ಕಾರ್ಯಕ್ರಮಗಳನ್ನು ತಡೆಹಿಡಿಯಬಹುದು.

ಕಣ್ಣಿಗೆ ಕಾಣುವಷ್ಟು ಸುಧಾರಣೆ ಬರುವುದು ಹೆಚ್ಚಾಗಿ ಈ ತಂತ್ರಾಂಶಗಳ ವ್ಯಾಪ್ತಿಯ ಹೊರಗಿನ ಕ್ರಮಗಳಿಂದ. 144 ಹರ್ಟ್ಸ್ ಪರದೆಯು ವಿಂಡೋಸ್‌ನ ಹೊಂದಾಣಿಕೆಯಲ್ಲಿ 60 ಹರ್ಟ್ಸ್‌ನಲ್ಲೇ ಉಳಿದಿದ್ದರೆ ಹೆಚ್ಚಿನ ಫ್ರೇಮ್‌ಗಳು ಕಾಣುವುದೇ ಇಲ್ಲ. ಸೆಕೆಂಡಿಗೆ 3,200 ಮೆಗಾಟ್ರಾನ್ಸ್‌ಫರ್ ವೇಗಕ್ಕೆ ಮಾರಾಟವಾದ ಡಿಡಿಆರ್4 ರ‍್ಯಾಮ್, ಮದರ್‌ಬೋರ್ಡಿನಲ್ಲಿ ಎಕ್ಸ್‌ಎಂಪಿ ಹೊಂದಾಣಿಕೆ ಚಾಲನೆಗೊಳ್ಳದಿದ್ದರೆ 2,133ರ ವೇಗದಲ್ಲೇ ಓಡುವುದುಂಟು. ಒಂದೇ ರ‍್ಯಾಮ್ ಪಟ್ಟಿಯ ಬದಲು ಎರಡನ್ನು ಜೋಡಿಯಾಗಿ ಅಳವಡಿಸಿದರೆ, ವಿಶೇಷವಾಗಿ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ, ವೇಗ ಹೆಚ್ಚುತ್ತದೆ. ಧೂಳು ಕಟ್ಟಿದ ಫ್ಯಾನ್‌ನಿಂದ ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಓಡುವಾಗ ಪೂರ್ಣ ಸಾಮರ್ಥ್ಯ ತೋರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಪೂರ್ಣ ಹೊರೆಯಲ್ಲಿದ್ದಾಗ ಆಟದ ನೆರಳು, ಪ್ರತಿಫಲನ ಮತ್ತು ರೆಸಲ್ಯೂಶನ್ ಹೊಂದಾಣಿಕೆಗಳನ್ನು ತಗ್ಗಿಸುವುದು ಖರ್ಚಿಲ್ಲದ ಪರಿಹಾರ.