ಎತ್ತಿಗೆ ಸೋಮವಾರ, ಟಿಲ್ಲರ್‌ಗೆ ಭಾನುವಾರ: ಬಸವನಗುಡಿಯಿಂದ ಜೆ.ಸಿ. ರಸ್ತೆವರೆಗೆ

ಪಕ್ಕದ ಹೊಲದ ಹುಡುಗ ಮೊನ್ನೆ ಕೇಳಿದ, "ಅಣ್ಣಾ, ಟಿಲ್ಲರ್ ಬಿಚ್ಚೋ ಕೆಲಸ ಯಾವಾಗ್ಲೂ ಭಾನುವಾರಕ್ಕೇ ಇಟ್ಕೋತೀರಲ್ಲ, ಬೇರೆ ದಿನ ಆಗಲ್ವಾ?" ಅವನು ತಮಾಷೆಗೆ ಕೇಳಿದ್ದು. ಆದರೆ ಆ ಪ್ರಶ್ನೆ ಹಿಡಿದು ಹೋದರೆ ನಮ್ಮ ಬೆಂಗಳೂರು ಸುತ್ತಲಿನ ಬೇಸಾಯದ ಒಂದು ಕಥೆಯೇ ಸಿಗುತ್ತೆ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೀತಿದೀನಿ. ಟೀ ಇಟ್ಕೊಂಡು ಓದಿ.

ನಮ್ಮ ತಾತನ ಕಾಲಕ್ಕೆ ಮನೆ ರಿಪೇರಿ ಕೆಲಸದ ದಿನ ಭಾನುವಾರ ಅಲ್ಲ, ಸೋಮವಾರ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡೋ ಹಾಗಿಲ್ಲ. ಸೋಮವಾರ ಈಶ್ವರನ ವಾರ, ಬಸವ ಅವನ ವಾಹನ, ಅವತ್ತು ಬಸವನಿಗೆ ರಜ. ಹಳೇ ಮೈಸೂರು ಸೀಮೆಯ ಬೇಕಾದಷ್ಟು ಊರಲ್ಲಿ ಈ ಕಟ್ಟು ಇತ್ತು, ಎತ್ತು ಉಳಿದಿರೋ ಕಡೆ ಈಗಲೂ ಇದೆ. ಹದ ಹೋಗ್ತಾ ಇದ್ರೂ ಸರಿ, ಮೋಡ ಕಟ್ಟಿದ್ರೂ ಸರಿ, ಸೋಮವಾರ ಆರು ಕಟ್ಟೋ ಹಾಗಿಲ್ಲ. ವಾರಕ್ಕೊಂದು ರಜ ಅನ್ನೋದು ಸರ್ಕಾರದ ಆಫೀಸಿಂದ ಬಂದಿದ್ದು ಅಂತ ನಾವು ತಿಳ್ಕೊಂಡಿದೀವಿ. ನಮ್ಮಲ್ಲಿ ಮನುಷ್ಯನಿಗಿಂತ ಮೊದಲು ಎತ್ತಿಗೆ ರಜ ಸಿಕ್ಕಿತ್ತು.

ಎತ್ತಿಗೆ ರಜ ಅಂದ್ರೆ ಮನುಷ್ಯನಿಗೆ ರಜ ಅಂತ ಅಲ್ಲ. ಎತ್ತನ್ನ ಕೆರೆಗೆ ಹೊಡ್ಕೊಂಡು ಹೋಗಿ ಮೈ ತೊಳೆಯೋದು, ಹೆಗಲು ಹುಣ್ಣಾಗಿದ್ರೆ ಎಣ್ಣೆ ಹಚ್ಚೋದು, ಮೂಗುದಾರ ಸವೆದಿದ್ರೆ ಹೊಸದು ಹಾಕೋದು. ಮಧ್ಯಾಹ್ನ ಕತ್ತಾಳೆ ನಾರಿಂದ ಹಗ್ಗ ಹೊಸೆಯೋದು. ನೇಗಿಲಿನ ಗುಳ ಮೊಂಡಾಗಿದ್ರೆ ಕುಲುಮೆಗೆ ಒಯ್ದು ಕಾಯಿಸಿ ತಟ್ಟಿಸೋದು. ಆಚಾರಿ ಮನೆ ಮುಂದೆ ಸೋಮವಾರ ಜಾತ್ರೆ ಇದ್ದಂಗೆ ಇರ್ತಿತ್ತು ಅಂತ ನಮ್ಮಪ್ಪ ಹೇಳ್ತಿದ್ರು. ಒಬ್ಬನಿಗೆ ಮೇಳಿ ಮುರಿದಿದೆ, ಒಬ್ಬನಿಗೆ ಕುಂಟೆ ದಿಂಡು ಸೀಳಿದೆ, ಇನ್ನೊಬ್ಬನಿಗೆ ಗಾಡಿ ಚಕ್ರಕ್ಕೆ ಪಟ್ಟಿ ಕಟ್ಟಬೇಕು. ದುಡ್ಡು ಇಲ್ಲ, ಸುಗ್ಗಿಲಿ ರಾಗಿ ಅಳೀತಾರೆ. ಮರ ಕಡಿಯೋಕೆ ಮುಂಚೆನೇ ಇದು ಈಸಿಗೆ ಆಗುತ್ತೆ, ಇದು ನೊಗಕ್ಕೆ ಆಗುತ್ತೆ ಅಂತ ನೋಡಿಟ್ಟಿರೋರು. ಹೊಲದಲ್ಲಿ ಏನು ಮುರೀಬಹುದೋ ಅದನ್ನ ಹಿಂದಿನ ದಿನವೇ ಮನೇಲಿ ಕೂತು ಸರಿ ಮಾಡ್ಕೊಳ್ಳೋದು, ಇದು ಸೋಮವಾರದ ಲೆಕ್ಕ.

ಈ ಸೋಮವಾರಕ್ಕೆ ಬೆಂಗಳೂರಲ್ಲಿ ದೊಡ್ಡ ಗುರುತು ಅಂದ್ರೆ ಬಸವನಗುಡಿ. ಕಾರ್ತೀಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಈಗಿನ ಬಸವನಗುಡಿ ಆಗ ಸುಂಕೇನಹಳ್ಳಿ. ಅದರ ಸುತ್ತ ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ, ಎಲ್ಲಾ ಕಡಲೆಕಾಯಿ ಬೆಳೆಯೋ ಊರು. ರಾತ್ರಿ ಬಂದು ಒಂದು ಬಸವ ಬೆಳೆ ಮೇಯ್ದು ಹೋಗ್ತಿತ್ತು, ರೈತರು ಕಾದು ಹೊಡೆದರು, ಅದು ಕಲ್ಲಾಗಿ ಕೂತಿತು, ತಪ್ಪು ಕಾಣಿಕೆಯಾಗಿ ಮೊದಲ ಬೆಳೆ ತಂದು ಒಪ್ಪಿಸ್ತೀವಿ ಅಂತ ಹರಕೆ ಹೊತ್ತರು. ಕಥೆ ಎಲ್ಲರಿಗೂ ಗೊತ್ತು. ಗುಡಿ ಕಟ್ಟಿಸಿದ್ದು 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಅಂತ ಹೇಳ್ತಾರೆ. ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದ ಬೆಳೆ, ನಮ್ಮ ಹೊಲಗಳಲ್ಲಿ ಹರಡಿದ್ದು ಕೆಂಪೇಗೌಡರ ಕಾಲಕ್ಕಿಂತ ಬಹಳ ಆಮೇಲೆ. ಹಾಗಾಗಿ ಹಳೇ ಬಸವನಿಗೆ ಹೊಸ ಬೆಳೆಯ ಕಥೆ ಸೇರ್ಕೊಂಡಿದೆ ಅಂತ ನನ್ನ ಅನಿಸಿಕೆ. ಅದರಿಂದ ಕಥೆ ಬೆಲೆಯೇನೂ ಕಮ್ಮಿ ಆಗಲ್ಲ. ಸುಮಾರು 15 ಅಡಿ ಎತ್ತರದ ಆ ಕಲ್ಲಿನ ಬಸವ ನೊಗ ಇಲ್ಲದೆ ಕಾಲು ಮಡಿಚಿ ಕೂತಿದಾನೆ ನೋಡಿ. ರೈತನ ಕಣ್ಣಿಗೆ ಅದು ಸೋಮವಾರದ ಎತ್ತು.

ಆಮೇಲೆ ಊರು ಬಂತು. 1892ರಲ್ಲಿ ಚಾಮರಾಜಪೇಟೆ. 1898ರಲ್ಲಿ ಪ್ಲೇಗು ಬಡಿದಾಗ ಹಳೇ ಪೇಟೆಯ ಇಕ್ಕಟ್ಟಿಂದ ಜನರನ್ನ ಹೊರಗೆ ತರಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಓಣಿ, ಹಿತ್ತಲಲ್ಲಿ ತೆಂಗು, ಮಾವು, ಹಲಸು. ಹೊಲ ಹೋಯ್ತು, ಹಿತ್ತಲು ಉಳೀತು. ಹಿತ್ತಲಿಗೆ ನೇಗಿಲು ಬೇಕಿಲ್ಲ, ಗುದ್ದಲಿ ಸಾಕು. ಆ ಹಿತ್ತಲ ಕೆಲಸ ಮಾಡೋಕೆ ಆಫೀಸಿನ ಜನಕ್ಕೆ ಸಿಕ್ಕಿದ್ದು ಭಾನುವಾರ. ಭಾನುವಾರ ಕೂಡ ಸುಮ್ನೆ ಬಂದಿದ್ದಲ್ಲ. ಮುಂಬೈ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಭಾನುವಾರದ ರಜ ಕೊಡಿಸಿದರು. ನಮ್ಮಲ್ಲಿ ಚಾಮರಾಜಪೇಟೆ ಪಕ್ಕದ ಬಿನ್ನಿ ಮಿಲ್ಲು 1884ರಷ್ಟು ಹಳೇದು. ನಮ್ಮ ತಾತನ ತಮ್ಮ ಅಲ್ಲಿ ಕೆಲಸಕ್ಕಿದ್ದರು. ಅವರು ಊರಿಗೆ ಬರ್ತಿದ್ದದ್ದು ಭಾನುವಾರ, ತಾತ ಬಿಡುವಾಗಿ ಇರ್ತಿದ್ದದ್ದು ಸೋಮವಾರ. ಒಂದೇ ಮನೆಯಲ್ಲಿ ಎರಡು ರಜ, ಅಣ್ಣ ತಮ್ಮ ಕೂತು ಮಾತಾಡೋಕೆ ಹಬ್ಬವೇ ಬರಬೇಕಿತ್ತು.

ಹೊರದೇಶದ್ದೂ ಒಂದು ಮಾತು ಹೇಳ್ಬೇಕು. ಅಮೆರಿಕದಲ್ಲಿ ಮನೆ ಸುತ್ತ ಒಂದೆರಡು ಎಕರೆ ಹುಲ್ಲು, ತೋಟ ಇರೋರಿಗೆ ಅಂತಲೇ ಸಣ್ಣ ಟ್ರಾಕ್ಟರ್ ಮಾಡಿದರು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್, 1963ರಲ್ಲಿ ಜಾನ್ ಡೀರ್ 110. ವಾರವೆಲ್ಲ ಬೇರೆ ಕೆಲಸ, ಶನಿವಾರ ಭಾನುವಾರ ಅದರಲ್ಲಿ ಹುಲ್ಲು ಕತ್ತರಿಸೋದು, ಸೌದೆ ಎಳೆಯೋದು, ಚಳಿಗಾಲದಲ್ಲಿ ಹಿಮ ನೂಕೋದು. ಅರವತ್ತು ವರ್ಷ ಹಳೇ ಗಾಡಿನ ಬಿಚ್ಚಿ, ಬಣ್ಣ ಹೊಡೆದು, ಮತ್ತೆ ಓಡಿಸೋ ಹುಚ್ಚಿನವರು ಅಲ್ಲಿ ಬೇಕಾದಷ್ಟು ಜನ. ನೋಡೋಕೆ ಖುಷಿಯಾಗುತ್ತೆ. ಅವರ ಗಾಡಿ ನಿಂತ್ರೆ ಹುಲ್ಲು ನಾಲ್ಕು ಬೆರಳು ಜಾಸ್ತಿ ಬೆಳೆಯುತ್ತೆ. ನಮ್ಮದು ರಾಗಿ ಹದದಲ್ಲಿ ನಿಂತ್ರೆ ಆ ವರ್ಷದ ಹಿಟ್ಟು ಹೋಯ್ತು. ಕೈಗೆ ಹತ್ತೋ ಗ್ರೀಸ್ ಒಂದೇ, ಲೆಕ್ಕ ಬೇರೆ.

ನಮ್ಮ ಸಣ್ಣ ಯಂತ್ರ ಜಪಾನಿಂದ ಬಂತು. ಅಲ್ಲಿಯ ಸಣ್ಣ ಗದ್ದೆಗೆ ಅಂತ ಮಾಡಿದ ಕೈ ಹಿಡಿಯ ಟಿಲ್ಲರ್ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂತು. ಬೆಂಗಳೂರಿನ ವಿ.ಎಸ್.ಟಿ.ಯವರು 1967ರಲ್ಲಿ ಮಿತ್ಸುಬಿಷಿಯವರ ಜೊತೆ ಸೇರಿ ಇದಕ್ಕೆ ಅಂತಲೇ ಕಂಪನಿ ಮಾಡಿದರು. ಟ್ರಾಕ್ಟರ್ ಕಡೆ ನೋಡಿದ್ರೆ, 1953ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಎಚ್.ಎಂ.ಟಿ. 1971ರಲ್ಲಿ ಹರಿಯಾಣದ ಪಿಂಜೋರಲ್ಲಿ ಜೆಟರ್ ಕಂಪನಿಯ ನೆರವಿಂದ 25 ಎಚ್‌ಪಿ ಟ್ರಾಕ್ಟರ್ ಶುರು ಮಾಡಿತು. ಆದರೆ ಎರಡು ಎಕರೆಯವನಿಗೆ ಟ್ರಾಕ್ಟರ್ ದೂರದ ಮಾತು. ಒಂದೇ ಸಿಲಿಂಡರಿನ 13 ಎಚ್‌ಪಿ ಟಿಲ್ಲರ್, ಅದೇ ನಮ್ಮ ಎಟುಕಿಗೆ ಸಿಕ್ಕಿದ್ದು.

ನಮ್ಮೂರಿಗೆ ಮೊದಲ ಟಿಲ್ಲರ್ ಬಂದಿದ್ದು ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ. ತಂದ ಮೂರನೇ ವಾರಕ್ಕೇ ಜಗಳ. ಸೋಮವಾರ ಟಿಲ್ಲರ್ ಹೂಡಬಹುದಾ? ಒಬ್ಬರು ಹಿರೀಕರು ಅಂದ್ರು, ಅದಕ್ಕೆ ಉಸಿರಿಲ್ಲ, ಹೆಗಲಿಲ್ಲ, ಅದಕ್ಕೆಂಥ ಸೋಮವಾರ. ಇನ್ನೊಬ್ಬರು ಅಂದ್ರು, ರಜ ಬರೀ ಎತ್ತಿಗೆ ಅಂತ ಯಾರು ಹೇಳಿದ್ದು, ಭೂಮಿತಾಯಿಗೂ ಅಲ್ವಾ. ಎರಡು ವರ್ಷ ಹಿಂಗೇ ನಡೀತು. ಮೂರನೇ ವರ್ಷ ಮಳೆ ತಡ ಆಗಿ, ಹದ ಬಂದಿದ್ದು ಭಾನುವಾರ ರಾತ್ರಿ. ಸೋಮವಾರ ಬೆಳಿಗ್ಗೆ ಟಿಲ್ಲರ್ ಹೊಲಕ್ಕಿಳೀತು, ಯಾರೂ ತುಟಿ ಬಿಚ್ಚಲಿಲ್ಲ. ಅವತ್ತು ಬಿತ್ತಿದವರ ರಾಗಿ ಚೆನ್ನಾಗಿ ಬಂತು. ಅಲ್ಲಿಗೆ ನಮ್ಮೂರ ಸೋಮವಾರ ಮುಗೀತು ಅನ್ಬಹುದು.

ಆದರೆ ಅದರ ಜೊತೆ ರಿಪೇರಿ ದಿನವೂ ಹೋಯ್ತು. ಅದನ್ನ ಯಾರೂ ಎಣಿಸಿರಲಿಲ್ಲ. ಎತ್ತಿಗೆ ಸುಸ್ತಾದ್ರೆ ನಡಿಗೆ ನೋಡಿದ್ರೆ ಗೊತ್ತಾಗುತ್ತೆ. ಟಿಲ್ಲರ್ ಕಡೇ ಗಳಿಗೆವರೆಗೂ ಏನೂ ಹೇಳಲ್ಲ. ಏರ್ ಕ್ಲೀನರಿನ ಎಣ್ಣೆ ಧೂಳಿಂದ ಅಂಬಲಿ ಆಗಿರುತ್ತೆ, ಎಂಜಿನ್ ಹಂಗೇ ಓಡ್ತಿರುತ್ತೆ, ಒಳಗೆ ಲೈನರು ರಿಂಗು ಸವೀತಿರುತ್ತೆ. ಒಂದು ದಿನ ಕಪ್ಪು ಹೊಗೆ, ಆಮೇಲೆ ಎಷ್ಟು ಹ್ಯಾಂಡಲ್ ತಿರುಗಿಸಿದ್ರೂ ಇಲ್ಲ. ಮೆಕ್ಯಾನಿಕ್ ಬರೋಕೆ ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಹದ ಹೋಗಿರುತ್ತೆ. ಹಿಂಗೆ ಎರಡು ಸಲ ಪೆಟ್ಟು ತಿಂದ ಮೇಲೆ ನಮ್ಮ ಕಡೆಯವರು ತಾವೇ ಬಿಚ್ಚೋಕೆ ಕಲಿತರು. ಮಕ್ಕಳಿಗೆ ಸ್ಕೂಲು ರಜ, ಫ್ಯಾಕ್ಟರಿಗೆ ಹೋಗೋ ತಮ್ಮಂದಿರು ಮನೇಲಿರ್ತಾರೆ, ಹಿಡ್ಕೊಳ್ಳೋಕೆ ಇನ್ನೊಂದು ಜೊತೆ ಕೈ ಸಿಗುತ್ತೆ. ಅದಕ್ಕೇ ಭಾನುವಾರ. ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಆ ಭಾನುವಾರಗಳಲ್ಲಿ ಏನೇನು ತಯಾರಾಗಿಲ್ಲ! ಕೆಟ್ಟ ಸ್ಕೂಟರಿನ ಸೀಟು ತಂದು ಟಿಲ್ಲರಿನ ಸೀಟಿಗೆ ಬೆಸುಗೆ. ಗದ್ದೆಗೆ ಕಬ್ಬಿಣದ ಸರಳಿಂದ ಕೇಜ್ ವೀಲು. ರೋಟರಿ ಬಿಚ್ಚಿಟ್ಟು ಆ ಜಾಗಕ್ಕೆ ಹಳೇ ಕುಂಟೆ ತಾಳು ಕೂರಿಸಿ ರಾಗಿ ಸಾಲಿಗೆ ಕುಂಟೆ. ಎಂಜಿನ್ ಬೆಲ್ಟು ಪಂಪಿಗೆ ಕೊಟ್ಟು ಕರೆಂಟಿಲ್ಲದಾಗ ನೀರು, ಅದೇ ಬೆಲ್ಟಿಂದ ಮೇವು ಕತ್ತರಿಸೋ ಮಿಷನ್ನು. ಓಡಿಸೋದೂ ಹಂಗೇ ಕೈಯಿಂದ ಕೈಗೆ ಬಂದ ವಿದ್ಯೆ. ಇಳಿಜಾರಲ್ಲಿ ಎಡ ಕ್ಲಚ್ಚು ಹಿಡಿದ್ರೆ ಗಾಡಿ ಬಲಕ್ಕೆ ತಿರುಗುತ್ತೆ, ಇದನ್ನ ಓದಿ ತಿಳಿದೋರಿಗಿಂತ ಬದುವಿಗೆ ಬಿದ್ದು ತಿಳಿದೋರೇ ಜಾಸ್ತಿ.

ಇನ್ನು ಸಾಮಾನು. ಭಾನುವಾರ ಬಿಚ್ಚಿ ಯಾವುದು ಹೋಗಿದೆ ನೋಡೋದು, ಸೋಮವಾರ ಬೆಳಿಗ್ಗೆ ಅದನ್ನ ಬಟ್ಟೆಯಲ್ಲಿ ಸುತ್ಕೊಂಡು ಮಾಗಡಿ ರಸ್ತೆ ಬಸ್ಸು ಹತ್ತೋದು. ನೋಡಿ, ಸೋಮವಾರ ಮತ್ತೆ ಹಿಂಬಾಗಿಲಿಂದ ಬಂತು. ಜೆ.ಸಿ. ರಸ್ತೆಯಲ್ಲಿ ಗಾಡಿ ಸ್ಪೇರು, ಎಸ್.ಜೆ.ಪಿ. ರಸ್ತೆಯಲ್ಲಿ ನಟ್ಟು ಬೋಲ್ಟು, ಪಂಪು, ಸ್ಪ್ಯಾನರು. ಒಂದು ಕಡೆ ಚಾಮರಾಜಪೇಟೆ, ಒಂದು ಕಡೆ ಹಳೇ ಪೇಟೆ, ನಡುವೆ ಕಲಾಸಿಪಾಳ್ಯ. ಆಯಿಲ್ ಸೀಲಿನ ನಂಬರು ಅಳಿಸಿಹೋಗಿದ್ರೂ ಬೆರಳಲ್ಲಿ ತಿರುಗಿಸಿ ನೋಡಿ ಒಳ ಅಳತೆ, ಹೊರ ಅಳತೆ ಹೇಳೋ ಮುದುಕರು ಅಲ್ಲಿದ್ದರು. ಕಂಪನಿ ಸಾಮಾನು ಸಿಗದಿದ್ರೆ ಓಣಿ ಒಳಗೆ ಲೇತಿನವನು, ಹಳೇ ಬುಷ್ ಕೊಟ್ರೆ ಸಂಜೆಗೆ ಹೊಸದು. ದುಡ್ಡು ಇನ್ನೂ ಕಮ್ಮಿ ಇದ್ರೆ ಭಾನುವಾರವೇ ಹೋಗಬೇಕು. ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದೆಯೇ ಸಂಡೇ ಬಜಾರಿನ ಗುಜರಿಯವರು ಹಾಸಿ ಕೂರ್ತಾರೆ. ನನ್ನ ಟಾರ್ಕ್ ರೆಂಚು, ಬೇರಿಂಗ್ ಕೀಳೋ ಪುಲ್ಲರು ಎರಡೂ ಅಲ್ಲಿಯವೇ. ಕುಲುಮೆ ಆಚಾರಿ ಜಾಗಕ್ಕೆ ನಮಗೆ ಬಂದೋರು ಈ ಬೀದಿಯ ಜನ. ಕಂಪನಿ ಯಂತ್ರ ಕೊಟ್ಟಿತು, ಅದನ್ನ ಮೂವತ್ತು ವರ್ಷ ಬದುಕಿಸಿದ್ದು ಇವರು ಮತ್ತು ನಮ್ಮ ಹೆಂಗಸರು. ಹೌದು, ನಾಝಲ್ ಬಿಚ್ಚಿದಾಗ ವಾಷರು ಒಂದೂ ಕಳೆಯದಂತೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿಡೋರು ಅವರೇ.

ಈಗ ಏನಾಗ್ತಿದೆ? 2014-15ರಿಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರ ಬಂತು. ಕೊಳ್ಳೋಕಾಗದವರಿಗೆ ಒಳ್ಳೇದೇ, ನಾನೂ ತಗೊಂಡಿದೀನಿ. ಆದರೆ ಬಾಡಿಗೆ ಗಾಡಿಗೆ ಮನೆ ಇಲ್ಲ, ಭಾನುವಾರ ಇಲ್ಲ. ಎಲ್ಲರಿಗೂ ಒಂದೇ ಹದದಲ್ಲಿ ಬೇಕು, ಅದು ಇರೋದು ಒಂದೋ ಎರಡೋ. ಎಚ್.ಎಂ.ಟಿ. ಟ್ರಾಕ್ಟರ್ ಘಟಕ 2016ರಲ್ಲಿ ಮುಚ್ಚೋ ತೀರ್ಮಾನ ಆಯ್ತು, ಅದರ ಸಾಮಾನಿಗೂ ಈಗ ಗುಜರಿಯೇ ಗತಿ. ಓಣಿಯ ಲೇತುಗಳು ಒಂದೊಂದೇ ನಿಲ್ತಿವೆ. ಬೆರಳಲ್ಲಿ ಅಳತೆ ಹೇಳ್ತಿದ್ದ ಮುದುಕರ ಮಕ್ಕಳು ಬೇರೆ ಕೆಲಸ ಹಿಡಿದಿದಾರೆ. ನಮ್ಮ ಮಕ್ಕಳೂ ಅಷ್ಟೇ. ನಮ್ಮ ಸುತ್ತ ಸೈಟು ಆಗದೆ ಉಳಿದಿರೋ ಎರಡು ಮೂರು ಎಕರೆಗಳಲ್ಲಿ ಸ್ವಂತ ಟಿಲ್ಲರ್ ಬಿಚ್ಚಿ ಕೂರಿಸೋ ಮೂವತ್ತು ವರ್ಷದ ಒಳಗಿನವರನ್ನ ಎಣಿಸಿದೆ. ಒಂದು ಕೈ ಬೆರಳು ತುಂಬಲಿಲ್ಲ.

ಪ್ರಶ್ನೆ ಕೇಳಿದ ಹುಡುಗ ಬರೋ ಭಾನುವಾರ ಬರ್ತೀನಿ ಅಂದಿದಾನೆ. ಸೈಡ್ ಕ್ಲಚ್ಚಿನ ಕೆಲಸ ಇದೆ, ಇನ್ಯಾರಾದ್ರೂ ಬರೋದಿದ್ರೆ ಬನ್ನಿ. ಕಾರ್ತೀಕದ ಕಡೇ ಸೋಮವಾರ ಪರಿಷೆಗೆ ಹೋಗೋರು ಸವೆದ ಸೀಲು, ಬುಷ್ಷು ಚೀಲಕ್ಕೆ ಹಾಕ್ಕೊಂಡೇ ಹೊರಡಿ. ಬಸವನ ದರ್ಶನ ಮುಗಿಸಿ ಮಿನರ್ವ ಸರ್ಕಲ್ ಕಡೆ ನಡೆದ್ರೆ ಅಲ್ಲಿಂದಲೇ ಜೆ.ಸಿ. ರಸ್ತೆ ಶುರು. ನಿಮ್ಮೂರಲ್ಲಿ ಸೋಮವಾರದ ಕಟ್ಟು ಯಾವಾಗ ಬಿಟ್ಟರು, ಯಾರು ಮೊದಲು ಬಿಟ್ಟರು ಅಂತ ಗೊತ್ತಿದ್ರೆ ಹಿರಿಯರನ್ನ ಕೇಳಿ ತಿಳಿಸಿ, ಬರೆದಿಟ್ಕೋತಿದೀನಿ.