1533ರ ಬಾಸೆಲ್ ಮತ್ತು ಕೊಚ್ಚಿಯ ಮಣ್ಣು

ಮಂಗಳೂರಿನಿಂದ ರೈಲು ಹತ್ತಿ ಎರ್ನಾಕುಳಂನಲ್ಲಿ ಇಳಿದರೆ ನೀವು ಸಾಮಾನ್ಯವಾಗಿ ಫೋರ್ಟ್ ಕೊಚ್ಚಿಗೆ ಹೋಗ್ತೀರಿ. ಚೀನೀ ಬಲೆ ನೋಡ್ತೀರಿ, ಮಟ್ಟಾಂಚೇರಿಯ ಸಂಬಾರ ಅಂಗಡಿಗಳ ಮುಂದೆ ನಿಲ್ತೀರಿ. ಮುಂದಿನ ಸಲ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ಹೋಗಿ, ಪರವೂರಿನ ಹತ್ತಿರ ಪಟ್ಟಣಂ ಎಂಬ ಹಳ್ಳಿಯನ್ನೂ ನೋಡಿ ಬನ್ನಿ. ತಿರುವನಂತಪುರದ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು 2007ರಿಂದ ಅಲ್ಲಿ ಉತ್ಖನನ ನಡೆಸಿತು. ಮೆಡಿಟರೇನಿಯನ್ ಕಡೆಯಿಂದ ಬಂದ ಜಾಡಿಗಳ ಚೂರು, ಗಾಜಿನ ಮಣಿ, ಒಂದೇ ಮರ ಕೊರೆದು ಮಾಡಿದ ದೋಣಿ ಮಣ್ಣಿನಿಂದ ಮೇಲೆ ಬಂದವು. ಪ್ರಾಚೀನ ಮುಜಿರಿಸ್ ಬಂದರು ಇದೇ ಎಂದು ಅಗೆದವರು ಹೇಳಿದರು. ಒಪ್ಪದ ಇತಿಹಾಸಕಾರರೂ ಇದ್ದಾರೆ.

ಆ ಚರ್ಚೆ ಅದರ ಪಾಡಿಗೆ ನಡೆಯಲಿ. ಮುಜಿರಿಸ್‌ನ ವ್ಯಾಪಾರದ ವಿವರ ನಮಗೆ ಗೊತ್ತಾದದ್ದು ಹೇಗೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ತಮಿಳಿನ ಸಂಗಂ ಕವಿಗಳು ಮುಚಿರಿಯನ್ನು ಹಾಡಿದ್ದಾರೆ, ನಿಜ. ಆದರೆ ಹಡಗು ಯಾವಾಗ ಹೊರಡಬೇಕು, ಏನು ತರಬೇಕು, ಏನು ಒಯ್ಯಬೇಕು ಎಂಬ ವರ್ತಕನ ಲೆಕ್ಕ ಸಿಗುವುದು 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ಗ್ರೀಕ್ ಕೈಪಿಡಿಯಲ್ಲಿ. ಬರೆದವನ ಹೆಸರು ಯಾರಿಗೂ ತಿಳಿಯದು. ಕ್ರಿ.ಶ. ಒಂದನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಗ್ರೀಕ್ ಭಾಷೆಯ ವ್ಯಾಪಾರಿ ಎಂದು ವಿದ್ವಾಂಸರು ಹೇಳುತ್ತಾರೆ. ಜುಲೈ ಹೊತ್ತಿಗೆ ಈಜಿಪ್ಟ್ ಬಿಡಿ ಅನ್ನುತ್ತಾನೆ ಆತ. ಈ ಕರಾವಳಿಗೆ ಮುಖ್ಯವಾಗಿ ನಾಣ್ಯ ತನ್ನಿ. ಇಲ್ಲಿ ಕರಿಮೆಣಸು, ಮುತ್ತು, ಆನೆದಂತ, ರೇಷ್ಮೆ, ಆಮೆಚಿಪ್ಪು ಸಿಗುತ್ತವೆ ಅನ್ನುತ್ತಾನೆ.

ಈ ಕೈಪಿಡಿಯ ಹಳೆಯ ಹಸ್ತಪ್ರತಿ ಉಳಿದದ್ದು ಒಂದೇ ಒಂದು. 10ನೇ ಶತಮಾನದ್ದು, ಈಗ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದೆ. ಲಂಡನ್ನಿನಲ್ಲಿರುವ ಇನ್ನೊಂದು ಅದರದ್ದೇ ನಕಲು. ಮೂವತ್ತು ವರ್ಷಗಳ ಯುದ್ಧದಲ್ಲಿ ಮೂಲಪ್ರತಿ ರೋಮಿಗೆ ಹೋಯಿತು, ನೆಪೋಲಿಯನ್ ಕಾಲಕ್ಕೆ ಪ್ಯಾರಿಸ್ಸಿಗೆ, ಕೊನೆಗೆ ಮರಳಿ ಊರಿಗೆ. ದಾರಿಯಲ್ಲಿ ಕಳೆದು ಹೋಗಿದ್ದರೂ ಅಷ್ಟು ಹೊತ್ತಿಗೆ ಪಠ್ಯ ಉಳಿಯುತ್ತಿತ್ತು. ಯಾಕೆಂದರೆ 1533ರಲ್ಲೇ ಬಾಸೆಲ್‌ನ ಫ್ರೋಬೆನ್ ಮುದ್ರಣಾಲಯ ಅದನ್ನು ಅಚ್ಚು ಹಾಕಿತ್ತು.

ಬಾಸೆಲ್ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ಬಾಸೆಲ್ ಮಿಶನ್ನಿನ ಹೆಂಚು, ಬಟ್ಟೆ, 1843ರ 'ಮಂಗಳೂರು ಸಮಾಚಾರ' ನೆನಪಾಗುತ್ತವೆ. ಅದೇ ಊರು. ಅದೇ 1533ರಲ್ಲಿ ಫ್ರೋಬೆನ್ ಮನೆಯಿಂದಲೇ ಟಾಲೆಮಿಯ ಭೂಗೋಳ ಗ್ರಂಥದ ಗ್ರೀಕ್ ಮೂಲವೂ ಮೊದಲ ಬಾರಿ ಹೊರಬಂತು. ಮುಜಿರಿಸ್ ಮಾತ್ರವಲ್ಲ, ನಮ್ಮ ಬನವಾಸಿಯ ಹೆಸರೂ ಇರುವ ಗ್ರಂಥ ಅದು. ಯೂಕ್ಲಿಡ್‌ನ ರೇಖಾಗಣಿತದ ಗ್ರೀಕ್ ಮೂಲ ಅಚ್ಚಾದದ್ದೂ ಅದೇ ವರ್ಷ, ಅದೇ ಊರಿನ ಇನ್ನೊಂದು ಮುದ್ರಣಾಲಯದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಿ. ಯೂಕ್ಲಿಡ್ ಮೊದಲು ಅಚ್ಚಾದದ್ದು 1533ರಲ್ಲಲ್ಲ, 1482ರಲ್ಲಿ, ವೆನಿಸ್‌ನಲ್ಲಿ. ಆ ಲ್ಯಾಟಿನ್ ಪಠ್ಯದ ಬೇರು ಅರಬಿ ಅನುವಾದದಲ್ಲಿತ್ತು. ಅಂದರೆ ಅಚ್ಚಿನ ಯುಗದ ಯುರೋಪ್ ಯೂಕ್ಲಿಡ್‌ನನ್ನು ಮೊದಲು ಓದಿದ್ದು ಅರಬಿಯ ದಾರಿಯಲ್ಲಿ ಬಂದ ಪಠ್ಯದಿಂದ. ಟಾಲೆಮಿಯ ಕತೆಯೂ ಹಾಗೇ. ಬಾಸೆಲ್‌ಗಿಂತ ಏಳುನೂರು ವರ್ಷ ಮೊದಲೇ, ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಅವನ ಲೆಕ್ಕಗಳನ್ನು ಆಧರಿಸಿ, ತಪ್ಪು ಕಂಡಲ್ಲಿ ತಿದ್ದಿ, 'ಸೂರತುಲ್ ಅರ್ಳ್' ಬರೆದಿದ್ದರು. ಗ್ರೀಕರ ಜ್ಞಾನ ಸೀದಾ ಯುರೋಪಿಗೆ ಹೋಯಿತು ಎಂಬ ಶಾಲಾಪಾಠ ಪೂರ್ತಿ ಸರಿಯಲ್ಲ.

ಆದರೆ ಬರೀ ಹೆಮ್ಮೆ ಪಟ್ಟುಕೊಂಡು ಕೂತರೆ ಆಗದು. ಆ 'ಸೂರತುಲ್ ಅರ್ಳ್' ಕೂಡ ಇವತ್ತು ಉಳಿದಿರುವುದು ಒಂದೇ ಹಸ್ತಪ್ರತಿಯಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ. ಅದು ಅಚ್ಚಾದದ್ದು 1926ರಲ್ಲಿ, ಲೈಪ್‌ಝಿಗ್‌ನಲ್ಲಿ. ನಮ್ಮ ಪಕ್ಕದ ಪೊನ್ನಾನಿಯನ್ನೇ ನೋಡಿ. ಶೈಖ್ ಝೈನುದ್ದೀನ್ ಮಖ್ದೂಂ 16ನೇ ಶತಮಾನದಲ್ಲಿ ಪೋರ್ಚುಗೀಸರ ದೌರ್ಜನ್ಯದ ಬಗ್ಗೆ 'ತುಹ್ಫತುಲ್ ಮುಜಾಹಿದೀನ್' ಬರೆದರು. ಮಲಬಾರಿನ ಮುಸ್ಲಿಮರ ಇತಿಹಾಸಕ್ಕೆ ಅದೊಂದು ಮುಖ್ಯ ಆಧಾರ. ಅದರ ಇಂಗ್ಲಿಷ್ ಅನುವಾದ 1833ರಲ್ಲಿ ಲಂಡನ್ನಿನಲ್ಲಿ ಬಂತು. 1898ರಲ್ಲಿ ಅರಬಿ ಪಠ್ಯ ಪೋರ್ಚುಗೀಸ್ ಅನುವಾದದ ಜೊತೆ ಅಚ್ಚಾಯಿತು. ಎಲ್ಲಿ ಗೊತ್ತಾ? ಲಿಸ್ಬನ್‌ನಲ್ಲಿ. ಯಾರ ವಿರುದ್ಧ ಪುಸ್ತಕ ಬರೆಯಲಾಗಿತ್ತೋ ಅವರ ರಾಜಧಾನಿಯಲ್ಲಿ!

ತಿರುವನಂತಪುರ ಇನ್ನೊಂದು ದಾರಿ ತೋರಿಸಿದೆ. 1909ರಲ್ಲಿ ಟಿ. ಗಣಪತಿ ಶಾಸ್ತ್ರಿಗಳಿಗೆ ಪದ್ಮನಾಭಪುರದ ಹತ್ತಿರ ಒಂದು ಮಠದಲ್ಲಿ ಮಲಯಾಳಂ ಲಿಪಿಯ ತಾಳೆಗರಿ ಕಟ್ಟು ಸಿಕ್ಕಿತು. ಕಳೆದೇ ಹೋಗಿದೆ ಅಂದುಕೊಂಡಿದ್ದ ಭಾಸನ ನಾಟಕಗಳು ಅವು ಎಂದು ಶಾಸ್ತ್ರಿಗಳು ಗುರುತಿಸಿದರು. 1912ರಿಂದ ತಿರುವನಂತಪುರ ಸಂಸ್ಕೃತ ಗ್ರಂಥಮಾಲೆ ಅವನ್ನು ಪ್ರಕಟಿಸಿತು. ಎಲ್ಲವೂ ಭಾಸನದ್ದೇ ಹೌದೋ ಅಲ್ಲವೋ ಎಂಬ ವಾದ ಇನ್ನೂ ಇದೆ. ವಾದ ಮಾಡಲಿಕ್ಕಾದರೂ ಪುಸ್ತಕ ಕೈಯಲ್ಲಿರಬೇಕಲ್ಲ? ಬಾಸೆಲ್‌ನವರೂ ತಪ್ಪು ಮಾಡಿದ್ದರು. ಪೆರಿಪ್ಲಸ್ಸನ್ನು ಏರಿಯನ್ ಎಂಬ ಬೇರೊಬ್ಬ ಲೇಖಕನ ಹೆಸರಲ್ಲಿ ಅಚ್ಚು ಹಾಕಿದ್ದರು. ನಂತರ ಬಂದವರು ತಿದ್ದಿದರು. ಗೆದ್ದಲು ತಿಂದದ್ದನ್ನು ಯಾರು ತಿದ್ದುತ್ತಾರೆ?

ಈಗ ನಿಮ್ಮ ಮನೆಯ ಅಟ್ಟಕ್ಕೆ ಬನ್ನಿ. ಅಜ್ಜನ ಕಾಲದ ಮರದ ಪೆಟ್ಟಿಗೆಯಲ್ಲಿ ಅರಬಿ-ಮಲಯಾಳಂ ಲಿಪಿಯ ಮಾಲೆ, ಮೌಲೂದು, ಮದ್ದಿನ ಕಿತಾಬು, ಪತ್ತೇಮಾರಿಯ ಲೆಕ್ಕದ ಪುಸ್ತಕ ಇರಬಹುದು. ಓದಲು ಬರುವುದಿಲ್ಲ ಅಂತ ಗುಜರಿಗೆ ಕೊಡಬೇಡಿ. ಒಂದೊಂದೇ ಪುಟ ತಿರುವಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಓದಬಲ್ಲ ಹಿರಿಯರೊಬ್ಬರು ಊರಲ್ಲಿ ಇದ್ದೇ ಇರ್ತಾರೆ, ಅವರಿಗೆ ತೋರಿಸಿ. ಅವರಿರುವಾಗಲೇ ಈ ಕೆಲಸ ಆಗಬೇಕು.