ಕೆಳಗೆ ಗಣಿ, ಮೇಲೆ ಹೊಲ: ಮಣ್ಣಿನ ಸರ್ವೇ ಯಾಕೆ ಬೇಕು?

ರಾಮದುರ್ಗ: ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಪಕ್ಕದ ತೆಲಂಗಾಣದ ಸಿಂಗರೇಣಿಯಲ್ಲಿ ನೆಲದೊಳಗಿನ ಗಣಿಗಳಿವೆ. ಅಲ್ಲಿ ಕಲ್ಲಿದ್ದಲಿನ ಕಂಬಗಳನ್ನೇ ಬಿಟ್ಟು ಚಾವಣಿ ನಿಲ್ಲಿಸ್ತಾರೆ. ಕೊನೆಗೆ ಆ ಕಂಬಗಳನ್ನೂ ತೆಗೆದರೆ ಚಾವಣಿ ಕುಸಿದು, ಮೇಲಿನ ಹೊಲ ತಗ್ಗು ಬೀಳಬಹುದು, ಬಿರುಕು ಬಿಡಬಹುದು. ನಮ್ಮ ಕೆಜಿಎಫ್ ಚಿನ್ನದ ಗಣಿಯಲ್ಲೂ (2001ರಲ್ಲಿ ಬಂದ್) ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳು ಅದುರುತ್ತಿದ್ದವು.

ಅದಕ್ಕೇ ಗಣಿ ಕೆಲಸಕ್ಕೆ ಮೊದಲೇ ಸರ್ವೇ ಆಗಬೇಕು. ಅದರಲ್ಲಿ ನೋಡೋದು ಇಷ್ಟು:

• ಮೇಲ್ಮಣ್ಣು ಎಷ್ಟು ಆಳ, ಎರಿಯೋ ಮಸಾರಿಯೋ
• ಮಳೆ ನೀರು ಯಾವ ಕಡೆ ಹರಿತದ, ಎಲ್ಲಿ ನಿಲ್ತದ
• ಬಾವಿ, ಬೋರ್‌ವೆಲ್ ನೀರಿನ ಮಟ್ಟ
• ನೆಲದ ಎತ್ತರ: ಗುರುತಿನ ಕಲ್ಲು ನೆಟ್ಟು ಲೆವೆಲ್ ಹಿಡಿದು, ಆಮೇಲೂ ಮತ್ತೆ ಮತ್ತೆ ಅಳೆಯೋದು

ಎರಿ ಹೊಲ ಬ್ಯಾಸಗ್ಯಾಗ ತಾನಾಗೇ ಬಿರಿತದ. ಇದು ಮಲಪ್ರಭಾ ದಂಡೆಯ ರೈತರಿಗೆ ಹೊಸದಲ್ಲ. ಮೊದಲಿನ ದಾಖಲೆ ಇಲ್ಲದಿದ್ದರೆ ಬಿರುಕು ಬಿಸಿಲಿನದ್ದೋ ಗಣಿಯದ್ದೋ ಅಂತ ಹೇಳೋದು ಕಷ್ಟ. ಪರಿಹಾರ ಕೇಳಲು ಹೋದ ರೈತನ ಕೈಯಲ್ಲಿ ಏನೂ ಇರೋದಿಲ್ಲ.

ಗಣಿ ಯಾವುದೇ ಇರಲಿ, ಕೆಲಸ ಶುರುವಾಗೋ ಮೊದಲೇ ಸರ್ವೇ ವರದಿಯ ನಕಲು ಕೇಳಿ. ಹೊಲ, ಮನೆ, ಬಾವಿಯ ಫೋಟೊ ತಾರೀಖು ಸಮೇತ ತೆಗೆದು ಉತಾರದ ಜೊತೆ ಇಟ್ಟುಕೊಳ್ಳಿ.